ಎಂಎಒ-ಬಿ ಕಿಣ್ವ ಮತ್ತು ಪಾರ್ಕಿನ್ಸನ್ ಕಾಯಿಲೆ: ಒಂದು ಚಾರಿತ್ರಿಕ ಪರಿಶೀಲನೆ

ಮೆದುಳಿನ ನರಕೋಶಗಳು ಕ್ರಮೇಣ ನಶಿಸುವ ಕಾಯಿಲೆಗಳ ಅಧ್ಯಯನದಲ್ಲಿ ಮೊನೊಅಮೀನ್ ಆಕ್ಸಿಡೇಸ್-ಬಿ, ಅಂದರೆ ಎಂಎಒ-ಬಿ ಕಿಣ್ವಕ್ಕೆ ವಿಶಿಷ್ಟ ಸ್ಥಾನವಿದೆ. ಅದನ್ನು ತಡೆಯುವ ಔಷಧಗಳಿಂದ ಪಾರ್ಕಿನ್ಸನ್ ರೋಗಿಗಳಿಗೆ ಉಪಯೋಗವಿದೆ ಎಂಬುದು ನಿರ್ವಿವಾದ. ಆದರೆ ಅವು ನರಕೋಶಗಳ ನಾಶವನ್ನೂ ತಡೆಯುತ್ತವೆಯೇ? ಲಕ್ಷಣಗಳ ಶಮನ, ರೋಗದ ತಡೆ ಎಂಬ ಈ ಎರಡು ಪ್ರಶ್ನೆಗಳು ಸಂಶೋಧನೆಯಲ್ಲಿ ಹೇಗೆ ಬೆರೆತುಹೋದವು ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಕಿಣ್ವ ಮೊದಲು ಕಂಡದ್ದು ಮೆದುಳಿನಲ್ಲಲ್ಲ, ಯಕೃತ್ತಿನಲ್ಲಿ. 1928ರಲ್ಲಿ ಕೇಂಬ್ರಿಜ್‌ನ ಮೇರಿ ಹೇರ್ ಟೈರಮೀನನ್ನು ಉತ್ಕರ್ಷಿಸುವ ಕಿಣ್ವವೊಂದನ್ನು ವರದಿ ಮಾಡಿದರು. 1937ರಲ್ಲಿ ಬ್ಲಾಷ್ಕೊ ಮತ್ತು ಸಂಗಡಿಗರು ಅದೇ ಕಿಣ್ವ ಅಡ್ರಿನಲಿನ್ನನ್ನೂ ಒಡೆಯುತ್ತದೆಂದು ತೋರಿಸಿದರು. 1960ರಲ್ಲಿ ವಿಯೆನ್ನಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಡೋಪಮೀನ್ ಎಂಬ ನರವಾಹಕ ತೀವ್ರವಾಗಿ ಕುಸಿದಿರುವುದನ್ನು ಪ್ರಕಟಿಸಿದರು. ಡೋಪಮೀನನ್ನೂ ಒಡೆಯುವ ಈ ಕಿಣ್ವವನ್ನು ತಡೆಯುವ ಯೋಚನೆಗೆ ಇದರಿಂದ ಬಲ ಬಂತು.

ಆರಂಭದ ಔಷಧಗಳಲ್ಲಿ ತೊಡಕಿತ್ತು. ಅವನ್ನು ಸೇವಿಸುವವರು ಟೈರಮೀನ್ ಹೇರಳವಾಗಿರುವ ಹಳೆಯ ಚೀಸ್‌ ತಿಂದರೆ ರಕ್ತದೊತ್ತಡ ಅಪಾಯದ ಮಟ್ಟಕ್ಕೇರುತ್ತಿತ್ತು. 1968ರಲ್ಲಿ ಜಾನ್‌ಸ್ಟನ್ ಕಿಣ್ವಕ್ಕೆ ಎ, ಬಿ ಎಂಬ ಎರಡು ರೂಪಗಳಿವೆ ಎಂದು ತೋರಿಸಿದರು. ಬುಡಾಪೆಸ್ಟ್‌ನ ನೋಲ್ ಅಧ್ಯಯನ ಮಾಡುತ್ತಿದ್ದ ಡೆಪ್ರೆನಿಲ್ ಬಿ ರೂಪವನ್ನಷ್ಟೇ ಆರಿಸಿ ತಡೆಯುತ್ತದೆಂದು ಬಳಿಕ ತಿಳಿಯಿತು. ಸೂಕ್ತ ಪ್ರಮಾಣದಲ್ಲಿ ಅದಕ್ಕೆ ಚೀಸ್‌ನ ಭಯ ಬಹುಮಟ್ಟಿಗೆ ಇರಲಿಲ್ಲ. 1975ರಲ್ಲಿ ವಿಯೆನ್ನಾದ ಬಿರ್ಕ್‌ಮೇಯರ್ ತಂಡ ಮೆದುಳಿನಲ್ಲಿ ಡೋಪಮೀನ್ ಆಗಿ ಬದಲಾಗುವ ಲೆವೊಡೋಪಾ ಔಷಧದೊಂದಿಗೆ ಅದನ್ನು ಕೊಟ್ಟು ಪ್ರಯೋಜನ ಕಂಡಿತು. ಸೆಲೆಗಿಲಿನ್ ಎಂದು ಇಂದು ಕರೆಯುವುದು ಇದನ್ನೇ.

ಇಲ್ಲಿಯವರೆಗೆ ಕಿಣ್ವವನ್ನು ಕಂಡದ್ದು ಡೋಪಮೀನನ್ನು ಖರ್ಚುಮಾಡುವ ವಸ್ತುವಾಗಿ ಮಾತ್ರ. 1982ರಲ್ಲಿ ಚಿತ್ರ ಬದಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ಕಳ್ಳದಾರಿಯಲ್ಲಿ ತಯಾರಾದ ಮಾದಕವಸ್ತುವನ್ನು ಚುಚ್ಚಿಕೊಂಡ ಕೆಲವು ಯುವಜನರು ಏಕಾಏಕಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿದರು. ಲ್ಯಾಂಗ್‌ಸ್ಟನ್ ಮತ್ತು ಸಹೋದ್ಯೋಗಿಗಳು ಅದರಲ್ಲಿದ್ದ ಎಂಪಿಟಿಪಿ ಎಂಬ ಕಲ್ಮಶದತ್ತ ಬೆರಳು ತೋರಿದರು. ಎಂಪಿಟಿಪಿ ನೇರವಾಗಿ ವಿಷವಲ್ಲ; ಮೆದುಳಿನೊಳಗೆ ಎಂಎಒ-ಬಿ ಅದನ್ನು ಮಾರ್ಪಡಿಸಿದಾಗ ಉಂಟಾಗುವ ಎಂಪಿಪಿ+ ಡೋಪಮೀನ್ ಕೋಶಗಳನ್ನು ಹೊಕ್ಕು ಮೈಟೊಕಾಂಡ್ರಿಯದ ಉಸಿರಾಟ ಸರಪಳಿಯನ್ನು ತಡೆಯುತ್ತದೆ. ಕಿಣ್ವವನ್ನು ಮೊದಲೇ ತಡೆದ ಪ್ರಾಣಿಗಳಿಗೆ ಎಂಪಿಟಿಪಿಯಿಂದ ರಕ್ಷಣೆ ಸಿಕ್ಕಿತು. ಕಿಣ್ವದ ಕ್ರಿಯೆಯಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ, ವಯಸ್ಸಾದಂತೆ ಮೆದುಳಿನಲ್ಲಿ ಎಂಎಒ-ಬಿ ಹೆಚ್ಚುತ್ತದೆ ಎಂಬ ಅಂಶಗಳೂ ಕಿಣ್ವದ ಮೇಲಿನ ಆರೋಪವನ್ನು ಗಟ್ಟಿಮಾಡಿದವು.

ಕಿಣ್ವವನ್ನು ತಡೆದರೆ ನರಕೋಶಗಳು ಉಳಿಯಬಹುದೆಂಬ ಊಹೆಯನ್ನು ಪರೀಕ್ಷಿಸಿದ ಡಾಟಾಟಾಪ್ ಪ್ರಯೋಗದಲ್ಲಿ 800 ರೋಗಿಗಳಿದ್ದರು. ಸೆಲೆಗಿಲಿನ್ ಪಡೆದವರಿಗೆ ಲೆವೊಡೋಪಾದ ಅಗತ್ಯ ತಡವಾಗಿ ಬಂತೆಂದು 1989ರಲ್ಲಿ ವರದಿಯಾಯಿತು. ಆದರೆ ಡೋಪಮೀನ್ ಉಳಿಸುವ ಔಷಧ ಲಕ್ಷಣಗಳನ್ನು ತಗ್ಗಿಸಿದರೂ ಇದೇ ಫಲ ಕಾಣುತ್ತದೆ. ಕೋಶಗಳು ಉಳಿದವೆಂಬುದಕ್ಕೆ ಅದು ಪುರಾವೆಯಾಗದು. ಈ ತೊಡಕನ್ನು ನಿವಾರಿಸಲು ಅಡಾಜಿಯೊ ಪ್ರಯೋಗ ಎಂಎಒ-ಬಿಯನ್ನು ತಡೆಯುವ ಇನ್ನೊಂದು ಔಷಧವಾದ ರಸಾಗಿಲಿನ್ನನ್ನು ಕೆಲವರಿಗೆ ಬೇಗ, ಉಳಿದವರಿಗೆ ತಡವಾಗಿ ಆರಂಭಿಸಿತು; ರೋಗವೇ ನಿಧಾನಗೊಂಡಿದ್ದರೆ ಬೇಗ ಆರಂಭಿಸಿದವರ ಮೇಲುಗೈ ಕೊನೆಯವರೆಗೂ ಉಳಿಯಬೇಕು. 1,176 ರೋಗಿಗಳ ಈ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾದಾಗ 1 ಮಿಲಿಗ್ರಾಂ ಪ್ರಮಾಣ ನಿಗದಿತ ಮಾನದಂಡಗಳನ್ನು ಮುಟ್ಟಿತ್ತು, 2 ಮಿಲಿಗ್ರಾಂ ಮುಟ್ಟಿರಲಿಲ್ಲ. ಇಂಥ ವಿಸಂಗತಿಯ ಮೇಲೆ ರೋಗತಡೆಯ ವಾದವನ್ನು ನಿಲ್ಲಿಸಲಾಗದು.

ಎಂಪಿಟಿಪಿ ಪ್ರಕರಣ ಸಾಬೀತುಪಡಿಸಿದ್ದು ಇಷ್ಟೇ: ಹೊರಗಿನ ವಸ್ತುವೊಂದನ್ನು ಎಂಎಒ-ಬಿ ವಿಷವಾಗಿಸಬಲ್ಲದು. ಸಾಮಾನ್ಯ ಪಾರ್ಕಿನ್ಸನ್ ಕಾಯಿಲೆಯ ಮೂಲ ಇದೇ ಕಿಣ್ವವೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಆದ್ದರಿಂದ ಸೆಲೆಗಿಲಿನ್, ರಸಾಗಿಲಿನ್ ಮತ್ತು ಅದೇ ಗುಂಪಿನ ಸಫಿನಮೈಡ್‌ಗಳನ್ನು ಲಕ್ಷಣ ಶಮನದ ಔಷಧಗಳೆಂದೇ ಪರಿಗಣಿಸುವುದು ಲಭ್ಯ ಪುರಾವೆಗೆ ನ್ಯಾಯ ಒದಗಿಸುವ ನಿಲುವು.