ಹೆಸರು ಹೇಳಿದ್ರ ಮನಿ ಸಿಗಬೇಕು

ನಮ್ಮೂರು ಬೈಲಹೊಂಗಲ ತಾಲೂಕಿನ ಒಂದು ಸಣ್ಣ ಹಳ್ಳಿ. ಒಮ್ಮೆ ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಇಳಿಸಿ ಅಜ್ಜನ ಕಾಲದ ಜಮೀನಿನ ಕಾಗದ ನೋಡ್ತಾ ಕೂತಿದ್ದೆ. ಊರ ಹೆಸರು ನಮ್ಮದೇ. ಹೊಲವೂ ನಮ್ಮದೇ. ತಾಲೂಕು ಅಂತ ಇದ್ದ ಕಡೆ ಮಾತ್ರ ‘ಸಂಪಗಾಂವ’ ಅಂತ ಬರೆದಿತ್ತು. ಸಂಪಗಾಂವ ಇವತ್ತು ನಮ್ಮ ತಾಲೂಕಿನ ಒಂದು ಹಳ್ಳಿ.

“ಯಪ್ಪಾ, ಇದೇನು ಹಿಂಗ ಬರದಾರ?” ಅಂದೆ.

“ಕಚೇರಿ ಬೈಲಹೊಂಗಲದಾಗ, ತಾಲೂಕಿನ ಹೆಸರು ಸಂಪಗಾಂವ. ಆಗ ಹಂಗ ಇತ್ತು. ನಿಮ್ಮವ್ವನ ತವರಮನಿ ಕಾಗದ ನೋಡು, ಅದರಾಗ ಸವದತ್ತಿ ತಾಲೂಕು ಅಂತ ಇರೂದಿಲ್ಲ, ಪರಸಗಡ ಅಂತ ಇರ್ತೈತಿ” ಅಂದರು.

ನಮ್ಮ ಕಡೆ ಇದೇನು ಹೊಸದಲ್ಲ. ಸವದತ್ತಿಯನ್ನ ಹಳೆಯ ಶಾಸನಗಳು ಸುಗಂಧವರ್ತಿ ಅಂತ ಕರೆದವು, ಇಂಗ್ಲಿಷ್ ಬೋರ್ಡುಗಳು ಸೌಂದತ್ತಿ ಮಾಡಿದವು. ರಾಮದುರ್ಗ 1948ರ ತನಕ ಜಿಲ್ಲೆಯೊಳಗೇ ಇರಲಿಲ್ಲ, ಅದೊಂದು ಬೇರೆ ಸಂಸ್ಥಾನ. ‘ಬೆಲ್ಗಾಂ’ 2014ರ ನವೆಂಬರ್ 1ರಂದು ಸರಕಾರಿ ಕಾಗದದಲ್ಲೂ ಬೆಳಗಾವಿ ಆಯಿತು. ನೆಲ ಇದ್ದಲ್ಲೇ ಇದೆ, ಹೆಸರು ಬದಲಾಗಿದೆ.

ನಾನು ಹೊಟ್ಟೆಪಾಡಿಗೆ ಮಾಡೋ ಕೆಲಸದಲ್ಲಿ ಇದು ಉಲ್ಟಾ. ಅಲ್ಲಿ ಹೆಸರು ಇದ್ದಲ್ಲೇ ಇರ್ತದೆ, ನೆಲ ಬದಲಾಗ್ತದೆ. ಒಂದು ಸರ್ವರ್‌ನ ಹೆಸರು ಹತ್ತು ವರ್ಷ ಅದೇ ಇರಬಹುದು, ಅದು ಕೂತ ಕಂಪ್ಯೂಟರಿನ ವಿಳಾಸ, ಅಂದರೆ ಐಪಿ ನಂಬರು, ಯಾವಾಗ ಬೇಕಾದರೂ ಬದಲಾಗಬಹುದು. ಹೆಸರು ಕೊಟ್ಟರೆ ನಂಬರು ಹುಡುಕಿ ಕೊಡುವ ಕೆಲಸಕ್ಕೆ ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಇದೆ. ಅದರ ಕತೆಯನ್ನ ನಾನು ಓದಿದ್ದು ಬಿಇ ಮುಗಿದ ಮೇಲೆ, ಒಂದು ಪೆಟ್ಟು ತಿಂದು.

ಆಗಿದ್ದಿಷ್ಟು. ನನ್ನ ಮೊದಲ ನೌಕರಿ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ. ಹಳ್ಳಿ ಡೈರಿಗಳಲ್ಲಿ ಹಾಲಿನ ತೂಕ, ಫ್ಯಾಟು ಬರೆದುಕೊಂಡು ಸರ್ವರ್‌ಗೆ ಕಳಿಸುವ ಮಷಿನ್ನಿಗೆ ನಾನು ಸಿ ಪ್ರೋಗ್ರಾಂ ಬರೆದಿದ್ದೆ. ಒಂದು ದಿನ ಬೆಳಗ್ಗೆ ಆರೂವರೆಗೆ ರಾಮದುರ್ಗ ಕಡೆಯ ಒಂದು ಡೈರಿಯಿಂದ ಫೋನು. “ಸರ್ರ” ಅಂತ ಶುರು ಮಾಡಿದ ಕಾರ್ಯದರ್ಶಿ, ನಾನು ಬೈಲಹೊಂಗಲದವ ಅಂದ ಕೂಡಲೇ ‘ತಮ್ಮಾ’ಗೆ ಇಳಿದರು.

“ತಮ್ಮಾ, ಹಾಲು ಅಳಿಯೂದು ನಡದೈತಿ, ಲೆಕ್ಕ ಮಾತ್ರ ಹೋಗವಲ್ದು. ಎರಡು ದಿನಾ ಆತು. ಬಿಲ್ ಆಗಲಿಲ್ಲಂದ್ರ ಶನಿವಾರ ಮಂದಿ ನನ್ನ ಮನಿ ಮುಂದ ಬಂದು ನಿಂದರ್ತಾರ.”

ಹಾಲಿನ ಬಿಲ್ಲು ಅಂದರೆ ಏನು ಅಂತ ನನಗೆ ಗೊತ್ತು. ನನ್ನ ಬಿಇ ಫೀಸಿನ ಅರ್ಧ ಆ ಬಿಲ್ಲಿನಿಂದಲೇ ಹೋಗಿದ್ದು. “ಮಷಿನ್ ಆಫ್ ಮಾಡಿ ಆನ್ ಮಾಡ್ರಿ” ಅಂದೆ. ಮಾಡಿದರು, ಸರಿಹೋಯಿತು. ಯಾಕೆ ಸರಿಹೋಯಿತು ಅನ್ನೋದು ಮಾತ್ರ ನನಗೆ ಗೊತ್ತಾಗಲಿಲ್ಲ. ಅದನ್ನ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಇತಿಹಾಸ.

1970ರ ದಶಕ. ಅಮೆರಿಕದ ಆರ್ಪಾನೆಟ್‌ನಲ್ಲಿದ್ದ ಕಂಪ್ಯೂಟರುಗಳು ಸ್ವಲ್ಪವೇ. ನಂಬರು ನೆನಪಿಡೋದು ಕಷ್ಟ ಅಂತ ಹೆಸರು ಕೊಟ್ಟರು. ಮೊದಮೊದಲು ಪ್ರತಿ ಜಾಗದವರೂ ತಮ್ಮದೇ ಪಟ್ಟಿ ಇಟ್ಟುಕೊಂಡಿದ್ದರು, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. 1974ರ ಹೊತ್ತಿಗೆ ಒಂದೇ ಅಧಿಕೃತ ಪಟ್ಟಿ ಅಂತಾಯಿತು. ಅದೇ ಮುಂದೆ ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ ಅಂತ ಹೆಸರಾದ ಕಡತ. ಅದನ್ನ ನೋಡಿಕೊಂಡಿದ್ದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯ ಮಾಹಿತಿ ಕೇಂದ್ರ, ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ಉಸ್ತುವಾರಿಯಲ್ಲಿ. ಹೊಸ ಕಂಪ್ಯೂಟರು ಬಂದರೆ ಆ ಕೇಂದ್ರಕ್ಕೆ ತಿಳಿಸಬೇಕು, ಅವರು ಪಟ್ಟಿಗೆ ಸೇರಿಸಬೇಕು, ಮಿಕ್ಕವರೆಲ್ಲ ಆ ಕಡತವನ್ನ ಇಳಿಸಿಕೊಳ್ಳಬೇಕು. ಊರಿಗೆಲ್ಲ ಒಬ್ಬ ಶಾನುಭೋಗ, ಒಂದು ದಫ್ತರ ಇದ್ದ ಹಾಗೆ.

ಆ ದಫ್ತರದ ಮರಿಯೊಂದು ನಿಮ್ಮ ಕಂಪ್ಯೂಟರಿನಲ್ಲಿ ಇವತ್ತಿಗೂ ಇದೆ. ಲಿನಕ್ಸ್‌ನಲ್ಲಾದರೆ ಇಟಿಸಿ ಫೋಲ್ಡರಿನಲ್ಲಿ, ವಿಂಡೋಸ್‌ನಲ್ಲಾದರೆ ಸಿಸ್ಟಮ್‌32ರ ಒಳಗೆ, ‘ಹೋಸ್ಟ್ಸ್’ ಅನ್ನೋ ಕಡತ. ತೆರೆದು ನೋಡಿ, ಒಂದು ಕಡೆ ನಂಬರು, ಪಕ್ಕದಲ್ಲಿ ಹೆಸರು.

1983ರ ಆಗಸ್ಟ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು 4.2ಬಿಎಸ್‌ಡಿ ಎಂಬ ಯುನಿಕ್ಸ್ ಬಿಡುಗಡೆ ಮಾಡಿದರು. ಸಿ ಪ್ರೋಗ್ರಾಂಗಳು ನೆಟ್‌ವರ್ಕ್ ಮೂಲಕ ಮಾತಾಡುವ ‘ಸಾಕೆಟ್’ ಬಂದಿದ್ದು ಅದರಲ್ಲೇ. ಅದರ ಜೊತೆಗೆ ಬಂದದ್ದು ನಮ್ಮ ಕಥಾನಾಯಕ, ಗೆಟ್‌ಹೋಸ್ಟ್‌ಬೈನೇಮ್. ಹೆಸರು ಕೊಟ್ಟರೆ ಹೋಸ್ಟ್ಸ್ ಕಡತ ಓದಿ ಒಂದು ಉತ್ತರ ಕೊಡ್ತಿತ್ತು. ಆ ಉತ್ತರದಲ್ಲಿ ಅಸಲಿ ಹೆಸರು, ಅಡ್ಡ ಹೆಸರುಗಳ ಪಟ್ಟಿ, ವಿಳಾಸ. ಅಡ್ಡ ಹೆಸರಿಗೆ ಜಾಗ ಇಟ್ಟಿದ್ದು ನೋಡಿ, ಸವದತ್ತಿ ಅನ್ನಿ, ಸೌಂದತ್ತಿ ಅನ್ನಿ, ಮನೆ ಒಂದೇ.

ಆದರೆ ನೆಟ್‌ವರ್ಕ್ ಬೆಳೀತಾ ಹೋದಂತೆ ಒಂದೇ ದಫ್ತರ ಸಾಲಲಿಲ್ಲ. ಕಡತ ಉದ್ದ ಆಯಿತು, ಇಳಿಸಿಕೊಳ್ಳುವವರ ಸಾಲು ಅದಕ್ಕಿಂತ ಉದ್ದ ಆಯಿತು. ಇನ್ನೊಂದು ತೊಂದರೆ, ಒಂದು ಹೆಸರು ಒಬ್ಬರಿಗೇ. ನಮ್ಮಲ್ಲೂ ಕಿತ್ತೂರು ಅಂದರೆ ಯಾವ ಕಿತ್ತೂರು? ಮೈಸೂರು ಜಿಲ್ಲೆಯಲ್ಲೂ ಒಂದು ಕಿತ್ತೂರಿದೆ. ಅದಕ್ಕೇ ನಾವು ಚನ್ನಮ್ಮನ ಕಿತ್ತೂರು ಅನ್ನೋದು.

ಪರಿಹಾರ ಕೊಟ್ಟವರು ಪಾಲ್ ಮೊಕಾಪೆಟ್ರಿಸ್, ಅದೇ 1983ರ ನವೆಂಬರ್‌ನಲ್ಲಿ. ಹೆಸರು ಡಿಎನ್‌ಎಸ್. ಪಟ್ಟಿಯನ್ನ ಒಂದೇ ಕಡೆ ಇಡಬೇಡಿ, ಹಂಚಿಬಿಡಿ ಅಂದರು. ಇದನ್ನ ತಿಳಿಯೋಕೆ ನಮ್ಮ ಅಂಚೆ ಲಕೋಟೆ ಸಾಕು. 1972ರ ಆಗಸ್ಟ್ 15ಕ್ಕೆ ಬಂದ ಪಿನ್ ಕೋಡ್ ನೋಡಿ. ಬೈಲಹೊಂಗಲ 591102, ಕಿತ್ತೂರು 591115, ಸವದತ್ತಿ 591126, ರಾಮದುರ್ಗ 591123. ಮೊದಲ ಅಂಕಿ ದೊಡ್ಡ ವಲಯ, ಎರಡನೆಯದು ಉಪವಲಯ, ಮೂರನೆಯದು ಸೇರಿದರೆ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿ. ನಾಗ್ಪುರದಲ್ಲಿ ಟಪಾಲು ವಿಂಗಡಿಸುವವರಿಗೆ ನಮ್ಮೂರ ಓಣಿ ಗೊತ್ತಿರಬೇಕಾಗಿಲ್ಲ, 591 ಯಾವ ಕಡೆ ಅನ್ನೋದು ಗೊತ್ತಿದ್ದರೆ ಸಾಕು. ಓಣಿ ನಮ್ಮೂರ ಪೋಸ್ಟ್‌ಮನ್‌ಗೆ ಗೊತ್ತು. ಲಕೋಟೆಯನ್ನ ನಾವು ಮೇಲಿಂದ ಕೆಳಗೆ ಬರೀತೀವಿ, ಅಂಚೆಯವರು ಕೆಳಗಿಂದ ಮೇಲೆ ಓದ್ತಾರೆ. ಡಿಎನ್‌ಎಸ್ ಕೂಡ ಹೆಸರನ್ನ ಬಲದಿಂದ ಎಡಕ್ಕೇ ಓದೋದು. ಮೊದಲು ‘ಇನ್’ ಯಾರ ಹತ್ತಿರ ಇದೆ ಕೇಳು, ಅವರ ಹತ್ತಿರ ಮುಂದಿನ ಹೆಸರು ಕೇಳು, ಹೀಗೆ ಮನೆ ಬಾಗಿಲ ತನಕ. ಭಾರತದ ಡಾಟ್ ಇನ್ ಈ ಮರಕ್ಕೆ ಸೇರಿದ್ದು 1989ರಲ್ಲಿ.

ಇಲ್ಲೊಂದು ಮೆಚ್ಚಬೇಕಾದ ಸಂಗತಿ ಇದೆ. 1984ರಲ್ಲಿ ಬರ್ಕ್ಲಿಯ ನಾಲ್ಕು ಜನ ವಿದ್ಯಾರ್ಥಿಗಳು ಬೈಂಡ್ ಎಂಬ ಡಿಎನ್‌ಎಸ್ ಸರ್ವರ್ ಬರೆದರು. 1986ರ 4.3ಬಿಎಸ್‌ಡಿ ಹೊತ್ತಿಗೆ ಗೆಟ್‌ಹೋಸ್ಟ್‌ಬೈನೇಮ್ ಕಡತದ ಬದಲು ಡಿಎನ್‌ಎಸ್ ಕೇಳೋಕೆ ಶುರು ಮಾಡಿತು. ಅದನ್ನ ಕರೆಯುವ ಪ್ರೋಗ್ರಾಂನ ಸಾಲು ಬದಲಾಗಲಿಲ್ಲ. ಕೇಳುವವನಿಗೆ ಉತ್ತರ ದಫ್ತರದಿಂದ ಬಂತೋ ದೇಶಾಂತರದಿಂದ ಬಂತೋ ಗೊತ್ತಾಗುವುದೇ ಇಲ್ಲ.

ಆದರೂ ಆ ಫಂಕ್ಷನ್ ಬರೆದ ಕಾಲದ ಕೆಲವು ನಂಬಿಕೆಗಳು ಅದರ ಮೈಯಲ್ಲೇ ಉಳಿದುಬಿಟ್ಟಿದ್ದವು. ಒಂದೊಂದೇ ಸುಳ್ಳಾದವು.

ಮೊದಲನೆಯದು, ಒಂದು ಹೆಸರಿಗೆ ಒಂದೇ ವಿಳಾಸ. 4.2ರಲ್ಲಿ ಇದ್ದದ್ದು ಒಂದೇ ವಿಳಾಸಕ್ಕೆ ಜಾಗ. 4.3ರಲ್ಲಿ ಅದನ್ನ ಪಟ್ಟಿ ಮಾಡಿದರು, ಹಳೆಯ ಹೆಸರು ಆ ಪಟ್ಟಿಯ ಮೊದಲ ಸಾಲಿಗೆ ಹೋಗುವಂತೆ ಇಟ್ಟರು. ಮೊದಲನೆಯದನ್ನೇ ತಗೊಂಡು ಹೋಗೋ ಚಾಳಿ ಹಾಗಾಗಿ ನಮಗೆಲ್ಲ ಉಳೀತು.

ಎರಡನೆಯದು, ಕೇಳುವವ ಒಬ್ಬನೇ. ಉತ್ತರವನ್ನ ಅದು ಒಂದೇ ಕಾಯಂ ಜಾಗದಲ್ಲಿ ಬರೆದಿಡ್ತದೆ. ಒಂದೇ ಪಾಟಿಯ ಮೇಲೆ ಇಬ್ಬರು ಲೆಕ್ಕ ಬರೆದ ಹಾಗೆ, ಎರಡನೆಯವ ಬರೆದ ಕೂಡಲೇ ಮೊದಲನೆಯವನದು ಅಳಿಸಿ ಹೋಗ್ತದೆ. ಒಂದು ಪ್ರೋಗ್ರಾಂನಲ್ಲಿ ಹಲವು ಥ್ರೆಡ್ ಓಡುವ ಕಾಲ ಬಂದಾಗ ಇದು ತಲೆನೋವಾಯಿತು.

ಮೂರನೆಯದು, ವಿಳಾಸ ಅಂದರೆ ನಾಲ್ಕು ಬೈಟು. ನಾಲ್ಕು ಬೈಟಿನಲ್ಲಿ ಹಿಡಿಯೋದು ಸುಮಾರು 429 ಕೋಟಿ ವಿಳಾಸ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಮುಗಿಯಿತು. ಹೀಗಾಗ್ತದೆ ಅಂತ ಮುಂಚೆಯೇ ಗೊತ್ತಿದ್ದರಿಂದ 1995ರಲ್ಲೇ ಹದಿನಾರು ಬೈಟಿನ ಐಪಿವಿ6 ಬಂದಿತ್ತು. ನಾಲ್ಕೇ ಬೈಟು ಅಂತ ನಂಬಿ ಬರೆದ ಪ್ರೋಗ್ರಾಂಗಳಿಗೆ ಅದು ಕಾಣುವುದೇ ಇಲ್ಲ.

ಈ ಮೂರಕ್ಕೂ ಉತ್ತರವಾಗಿ ಬಂದದ್ದು ಗೆಟ್‌ಅಡ್ರ್‌ಇನ್ಫೊ. 1997ರಿಂದ 2003ರ ತನಕ ಬಂದ ಮೂರು ಇಂಟರ್ನೆಟ್ ದಾಖಲೆಗಳಲ್ಲಿ ಅದು ರೂಪುಗೊಂಡಿತು. ಉತ್ತರಗಳನ್ನ ಸರಪಳಿಯಾಗಿ ಕೊಡ್ತದೆ. ನಾಲ್ಕು ಬೈಟಿನದೂ ಇರಬಹುದು, ಹದಿನಾರರದೂ ಇರಬಹುದು. ಒಂದೊಂದೇ ಬಾಗಿಲು ಬಡಿದು, ತೆರೆದದ್ದರಲ್ಲಿ ಒಳಗೆ ಹೋಗಿ, ಕೆಲಸ ಮುಗಿದ ಮೇಲೆ ಸರಪಳಿಯನ್ನ ನಾವೇ ಬಿಡುಗಡೆ ಮಾಡಬೇಕು. ಕೇಳಿದವರಿಗೆಲ್ಲ ಬೇರೆ ಬೇರೆ ಸರಪಳಿ, ಪಾಟಿಯ ಜಗಳ ಇಲ್ಲ. ಪಾಸಿಕ್ಸ್ ಎಂಬ ಮಾನದಂಡ 2001ರಲ್ಲಿ ಇದನ್ನ ಸೇರಿಸಿಕೊಂಡಿತು. 2008ರಲ್ಲಿ ಗೆಟ್‌ಹೋಸ್ಟ್‌ಬೈನೇಮ್ ಅನ್ನ ಕೈಬಿಟ್ಟಿತು.

ನಮ್ಮ ಲ್ಯಾಬ್ ಪುಸ್ತಕ ಕೈಬಿಟ್ಟಿರಲಿಲ್ಲ. ನಾನು ಕಲಿತದ್ದು ಹಳೆಯದನ್ನೇ, ಡೈರಿಯ ಮಷಿನ್ನಿಗೆ ಹಾಕಿದ್ದೂ ಅದನ್ನೇ. ಆದರೆ ನನ್ನ ತಪ್ಪನ್ನ ಆ ಪುಸ್ತಕದ ತಲೆಗೆ ಕಟ್ಟೋದು ಸರಿಯಲ್ಲ. ಪ್ರೋಗ್ರಾಂ ಶುರುವಾದಾಗ ಒಂದು ಸಲ ಸರ್ವರ್‌ನ ಹೆಸರು ಕೇಳಿ, ಬಂದ ವಿಳಾಸವನ್ನ ಎತ್ತಿಟ್ಟುಕೊಂಡು, ಆಮೇಲೆ ಯಾವತ್ತೂ ಕೇಳದ ಹಾಗೆ ಬರೆದವ ನಾನು. ಡೈರಿಯ ಮಷಿನ್ನು ಬ್ಯಾಟರಿ ಮೇಲೆ ತಿಂಗಳುಗಟ್ಟಲೆ ಆರದೆ ಓಡ್ತಿತ್ತು. ಕಂಪನಿ ಸರ್ವರ್ ಅನ್ನ ಬೇರೆ ಕಡೆಗೆ ಸಾಗಿಸಿತು, ಡಿಎನ್‌ಎಸ್‌ನಲ್ಲಿ ಹೊಸ ವಿಳಾಸ ಬರೆಸಿತು. ಡೈರಿಗಳ ಮಷಿನ್ನುಗಳು ಖಾಲಿ ಮನೆಯ ಬಾಗಿಲನ್ನೇ ಬಡೀತಾ ನಿಂತವು. ಆಫ್ ಮಾಡಿ ಆನ್ ಮಾಡಿದಾಗ ಆದದ್ದು ಇಷ್ಟೇ, ಪ್ರೋಗ್ರಾಂ ಮತ್ತೊಮ್ಮೆ ಹೆಸರು ಕೇಳಿತು.

ಡಿಎನ್‌ಎಸ್ ಉತ್ತರದ ಜೊತೆ ‘ಇದು ಇಷ್ಟು ಸೆಕೆಂಡ್ ಮಾತ್ರ ನಂಬು’ ಅಂತ ಒಂದು ಅವಧಿಯನ್ನೂ ಕೊಡ್ತದೆ. ಈ ಎರಡೂ ಫಂಕ್ಷನ್ನುಗಳು ಆ ಅವಧಿಯನ್ನ ನಮ್ಮ ಕೈಗೆ ದಾಟಿಸುವುದಿಲ್ಲ. ಹಾಗಾಗಿ ದಾರಿ ಒಂದೇ, ಪ್ರತಿ ಸಲ ಸಂಪರ್ಕ ಮಾಡುವ ಮೊದಲು ಕೇಳಬೇಕು. ಕೇಳುವ ಆ ಸಾಲನ್ನ ಲೂಪಿನ ಹೊರಗಿಂದ ಒಳಗೆ ತಂದೆ, ಗೆಟ್‌ಅಡ್ರ್‌ಇನ್ಫೊಗೆ ಬದಲಾಯಿಸಿದೆ. ಶನಿವಾರದೊಳಗೆ ಬಿಲ್ಲಾಯಿತು.

ಹಳೆಯದು ಹಾಗೇ ಉಳಿದರೆ ಇನ್ನೂ ದೊಡ್ಡ ಪೆಟ್ಟು ಬೀಳಬಹುದು ಅಂತ 2015ರ ಜನವರಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಲಿನಕ್ಸ್‌ನ ಸಿ ಲೈಬ್ರರಿಯ ಗೆಟ್‌ಹೋಸ್ಟ್‌ಬೈನೇಮ್ ಒಳಗೆ, ಕೊಟ್ಟ ಹೆಸರು ಬರೀ ಅಂಕಿ ಚುಕ್ಕಿಯೇ ಅಂತ ನೋಡುವ ಜಾಗದಲ್ಲಿ, ಜಾಗದ ಲೆಕ್ಕ ಕೆಲವೇ ಬೈಟು ತಪ್ಪಿತ್ತು. ಅದನ್ನ ಹಿಡಿದು ಸರ್ವರ್‌ನ ಒಳಗೇ ನುಗ್ಗಬಹುದಿತ್ತು. ‘ಘೋಸ್ಟ್’ ಅಂತ ಹೆಸರಿಟ್ಟರು. ತಪ್ಪು ಹೊಕ್ಕಿದ್ದು 2000ನೇ ಇಸವಿಯಲ್ಲಿ. ಹೊಸದೂ ದೇವರೇನಲ್ಲ, ಮುಂದಿನ ವರ್ಷ ಗೆಟ್‌ಅಡ್ರ್‌ಇನ್ಫೊದಲ್ಲೂ ದೊಡ್ಡ ತೂತು ಸಿಕ್ಕಿತು.

ಕೊನೆಯದಾಗಿ ನಾಲ್ಕನೆಯ ನಂಬಿಕೆ, ನಮಗೆ ತಾಗುವಂಥದ್ದು. ಹೆಸರು ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಅಡ್ಡಗೆರೆ. ಹೋಸ್ಟ್ಸ್ ಕಡತದ ಕಾಲದ ನಿಯಮ ಇದು. ದೇವನಾಗರಿಯ ಡಾಟ್ ಭಾರತ್ 2014ರಲ್ಲಿ ಬಂತು, ಕನ್ನಡ ಲಿಪಿಯ ಡಾಟ್ ಭಾರತ ಆಮೇಲೆ ಬಂತು. ಆದರೂ ಒಳಗೆ ಹರಿಯೋದು ಇಂಗ್ಲಿಷ್ ಅಕ್ಷರವೇ. 2003ರಲ್ಲಿ ಬಂದ ಪ್ಯೂನಿಕೋಡ್ ಎಂಬ ಪದ್ಧತಿ ಕನ್ನಡದ ಹೆಸರನ್ನ ‘ಎಕ್ಸ್‌ಎನ್’ ಅಂತ ಶುರುವಾಗುವ ಒಂದು ಗಂಟಾಗಿ ಕಟ್ಟುತ್ತದೆ. ಬ್ರೌಸರ್ ಈ ಗಂಟನ್ನ ತಾನೇ ಕಟ್ಟಿಕೊಳ್ತದೆ. ಸಿ ಪ್ರೋಗ್ರಾಂ ಹಾಗಲ್ಲ. ಲಿನಕ್ಸ್‌ನಲ್ಲಿ ಗೆಟ್‌ಅಡ್ರ್‌ಇನ್ಫೊಗೆ ‘ಎಐ ಐಡಿಎನ್’ ಎಂಬ ಗುರುತು ಕೊಟ್ಟು ಹೇಳಿದರೆ ಮಾತ್ರ ಕಟ್ಟುತ್ತದೆ.

ನಮ್ಮೂರ ಹೆಸರನ್ನೇ ತಗೊಳ್ಳಿ, ಬೈಲಹೊಂಗಲ. ಇದರಲ್ಲಿನ ‘ಬೈ’ ಮತ್ತು ‘ಹೊ’ ಎರಡನ್ನೂ ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು, ಸ್ವರಚಿಹ್ನೆಯನ್ನ ಇಡಿಯಾಗಿ ಒಂದೇ ಸಂಕೇತದಲ್ಲಿ, ಇಲ್ಲವೇ ಎರಡು ತುಂಡು ಮಾಡಿ. ಕಣ್ಣಿಗೆ ಒಂದೇ. ಬೈಟು ಎಣಿಸಿದರೆ ಒಂದು 24, ಇನ್ನೊಂದು 30. ಎರಡನ್ನೂ ಒಂದೇ ರೂಪಕ್ಕೆ ತರದೆ ಹುಡುಕಿದರೆ ಒಂದು ಬೈಲಹೊಂಗಲ ಸಿಗ್ತದೆ, ಇನ್ನೊಂದು ‘ಅಂಥ ಹೆಸರಿಲ್ಲ’ ಅಂತ ಬರ್ತದೆ. ಇಂಥದ್ದನ್ನ ಕನ್ನಡ ಬರೆಯುವವರು ಪರೀಕ್ಷೆ ಮಾಡದೆ ಇನ್ಯಾರು ಮಾಡಬೇಕು?

ಆ ಟ್ರಂಕಿನ ಕಾಗದವನ್ನ ಮಡಚಿ ಇಡುವಾಗ ಅಪ್ಪ ಅಂದರು, “ಹೆಸರು ಏನರ ಇರಲಿ, ಹೊಲ ಎಲ್ಲೈತಿ ಅಂತ ಕೇಳಾಕ ಬಂದವಂಗ ಸಿಗಬೇಕು, ಅಷ್ಟ.” ಡೈರಿಯ ಆ ಪ್ರೋಗ್ರಾಂನಲ್ಲಿ ಹೆಸರು ಕೇಳುವ ಸಾಲಿನ ಮೇಲೆ ಈಗ ಒಂದು ಟಿಪ್ಪಣಿ ಇದೆ: ಪ್ರತಿ ಸಲ ಕೇಳು, ಹಳೆಯದನ್ನ ನಂಬಬೇಡ.