ಎರಡು ವರ್ಷ ತಡವಾಗಿ ಬಂದ ಚಿನ್ನ

2020ರ ಜುಲೈ. ಲಾಕ್‌ಡೌನ್ ಕಾಲ. ಬೆಂಗಳೂರಿನ ರೂಮು ಖಾಲಿ ಮಾಡಿ ಶಿರ್ವದ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಮಳೆಗೆ ಕರೆಂಟು ಹೋಗುತ್ತಿತ್ತು, ಕರೆಂಟಿನ ಜೊತೆ ನೆಟ್ಟೂ ಹೋಗುತ್ತಿತ್ತು. ನಾನು ಚಾವಡಿಯ ಮೂಲೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಸ್ಟ್ಯಾಂಡ್‌ಅಪ್ ಮೀಟಿಂಗ್ ಮುಗಿಸಿದ್ದೆ, ಆಗ ಕಣ್ಣಿಗೆ ಬಿದ್ದ ಸುದ್ದಿ ಇದು: ಜಕಾರ್ತಾ ಏಷ್ಯನ್ ಗೇಮ್ಸ್‌ನ ಮಿಶ್ರ ರಿಲೇಯಲ್ಲಿ ಭಾರತಕ್ಕೆ ಸಿಕ್ಕಿದ್ದ ಬೆಳ್ಳಿ ಈಗ ಚಿನ್ನ.

ಓಟ ನಡೆದದ್ದು 2018ರ ಆಗಸ್ಟ್‌ನಲ್ಲಿ. ಚಿನ್ನ ಸಿಕ್ಕಿದ್ದು 2020ರಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದಾಗ.

ಆ ನಾಲ್ವರಲ್ಲಿ ಒಬ್ಬರು ನಮ್ಮ ಕಡೆಯವರು ಅಂತಲೇ ನಾವು ಲೆಕ್ಕ ಹಾಕುವ ಎಂ.ಆರ್. ಪೂವಮ್ಮ. ಹುಟ್ಟಿದ್ದು ಕೊಡಗಿನ ಗೋಣಿಕೊಪ್ಪಲಿನಲ್ಲಿ, ಬೆಳೆದದ್ದು ಮಂಗಳೂರಿನಲ್ಲಿ. ಸುದ್ದಿ ಓದಿ ಖುಷಿಯೇನೋ ಆಯಿತು. ಆದರೆ ತಲೆಗೆ ಮೊದಲು ಬಂದದ್ದು ಪೂವಮ್ಮ ಅಲ್ಲ. 2000ನೇ ಇಸವಿಯಲ್ಲಿ ನಮ್ಮ ಹೈಸ್ಕೂಲ್ ರಿಲೇ ತಂಡದಲ್ಲಿ ಮೂರನೆಯವನಾಗಿ ಓಡಿದ ಹುಡುಗ. ಅವನ ಹತ್ತಿರ ನಾನು ಇಪ್ಪತ್ತು ವರ್ಷದಿಂದ ಸರಿಯಾಗಿ ಮಾತಾಡಿರಲಿಲ್ಲ. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಈ ಮಿಶ್ರ ರಿಲೇ ಅಂದರೆ ಎಂತದು ಅಂತ ನೋಡೋಣ.

ಇಬ್ಬರು ಗಂಡಸರು, ಇಬ್ಬರು ಹೆಂಗಸರು, ಒಬ್ಬೊಬ್ಬರಿಗೆ 400 ಮೀಟರ್. ಹಳ್ಳಿ ಕ್ರೀಡಾಕೂಟದ ಮಜಾ ಸ್ಪರ್ಧೆಯ ಹಾಗೆ ಕೇಳಿಸುತ್ತದೆ. ಆದರೆ 2017ರ ಏಪ್ರಿಲ್‌ನಲ್ಲಿ ಬಹಾಮಾಸ್‌ನಲ್ಲಿ ನಡೆದ ವಿಶ್ವ ರಿಲೇ ಕೂಟಕ್ಕೆ ಇದನ್ನು ತಂದರು. ಎರಡೇ ತಿಂಗಳಲ್ಲಿ ಒಲಿಂಪಿಕ್ ಸಮಿತಿ ಟೋಕಿಯೊ ಪಟ್ಟಿಗೂ ಸೇರಿಸಿತು. ಮರುವರ್ಷ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್‌ಗೆ ಮೊದಲ ಸಲ ಬಂತು.

ಆಗಿನ ನಿಯಮದಲ್ಲಿ ಒಂದು ಸ್ವಾತಂತ್ರ್ಯ ಇತ್ತು. ಯಾರು ಯಾವಾಗ ಓಡಬೇಕು ಅನ್ನುವುದು ತಂಡಕ್ಕೇ ಬಿಟ್ಟದ್ದು. ಇಲ್ಲಿದೆ ಲೆಕ್ಕಾಚಾರ. ಜಕಾರ್ತಾದಲ್ಲೇ ಮುಹಮ್ಮದ್ ಅನಾಸ್ 400 ಮೀಟರ್ ಅನ್ನು 45.69 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದಿದ್ದರು. ಹಿಮಾ ದಾಸ್ 50.79ರಲ್ಲಿ ಬೆಳ್ಳಿ ಗೆದ್ದಿದ್ದರು. ಅಂತರ ಐದು ಸೆಕೆಂಡು, ಅಂದರೆ ಟ್ರ್ಯಾಕ್ ಮೇಲೆ ಸುಮಾರು 40 ಮೀಟರ್. ಹಾಗಾಗಿ ಒಂದು ತಂಡ ಇಬ್ಬರು ಗಂಡಸರನ್ನು ಮೊದಲೇ ಓಡಿಸಿದರೆ ಭಯಂಕರ ಲೀಡ್ ಕಾಣುತ್ತದೆ, ಕೊನೆಗೆ ಅದು ಕರಗುತ್ತದೆ. 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪೋಲೆಂಡ್ ಇದನ್ನೇ ಮಾಡಿತು. ಕೊನೆಯ ಸುತ್ತಿಗೆ ಹೊರಟಾಗ ಬಹಳ ಮುಂದಿದ್ದ ಅವರ ಓಟಗಾರ್ತಿಯನ್ನು ಹಿಂದಿನಿಂದ ಬಂದ ಗಂಡಸರು ಒಬ್ಬೊಬ್ಬರಾಗಿ ದಾಟಿದರು. ಪೋಲೆಂಡ್ ಐದನೆಯದಾಯಿತು. ನೋಡುವವರಿಗೆ ಯಾರು ನಿಜಕ್ಕೂ ಮುಂದೆ, ಯಾರು ಹಿಂದೆ ಅಂತ ಕೊನೆಯ ನೂರು ಮೀಟರ್ ತನಕ ಗೊತ್ತಾಗುತ್ತಿರಲಿಲ್ಲ.

ಭಾರತ ಜಕಾರ್ತಾದಲ್ಲಿ ಆರಿಸಿದ ಕ್ರಮ ಗಂಡು, ಹೆಣ್ಣು, ಹೆಣ್ಣು, ಗಂಡು. ಅನಾಸ್, ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ಚಿನ್ನ ಗೆದ್ದದ್ದೂ ಇದೇ ಕ್ರಮದಲ್ಲಿ.

ಜಕಾರ್ತಾದ ಫೈನಲ್‌ನಲ್ಲಿ ಎರಡನೇ ಬ್ಯಾಟನ್ ಬದಲಾವಣೆ ಆಗುವಾಗ ಒಂದು ಎಡವಟ್ಟು ನಡೆಯಿತು. ಬಹ್ರೇನ್‌ನ ಕೆಮಿ ಅಡೆಕೋಯ ತನ್ನ ಸುತ್ತು ಮುಗಿಸಿ ಬ್ಯಾಟನ್ ಕೊಟ್ಟು ಟ್ರ್ಯಾಕ್ ಮೇಲೆ ಬಿದ್ದರು. ಆಗಷ್ಟೇ ಪೂವಮ್ಮನ ಕೈಯಿಂದ ಬ್ಯಾಟನ್ ತಗೊಂಡು ಹೊರಟಿದ್ದ ಹಿಮಾ ಅವರನ್ನು ತಪ್ಪಿಸಿಕೊಂಡು ಓಡಬೇಕಾಯಿತು. ಬಹ್ರೇನ್ 3 ನಿಮಿಷ 11.89 ಸೆಕೆಂಡು, ಭಾರತ 3 ನಿಮಿಷ 15.71. ಅಡ್ಡಿಯಾಯಿತು ಅಂತ ಭಾರತ ದೂರು ಕೊಟ್ಟಿತು. ಅದು ತಿರಸ್ಕಾರವಾಯಿತು. ನಾಲ್ಕು ಸೆಕೆಂಡಿನ ಅಂತರ ನೋಡಿದರೆ ಆ ತೀರ್ಪಿನ ಬಗ್ಗೆ ಬೇಸರ ಮಾಡುವುದೂ ಕಷ್ಟ.

ಆಮೇಲೆ ಅದೇ ಅಡೆಕೋಯ ಅವರ ಸ್ಯಾಂಪಲ್‌ನಲ್ಲಿ ಸ್ಟನೊಝೊಲಾಲ್ ಅನ್ನುವ ಸ್ಟೆರಾಯ್ಡ್ ಸಿಕ್ಕಿತು. 2019ರಲ್ಲಿ ನಾಲ್ಕು ವರ್ಷ ನಿಷೇಧ, ಜಕಾರ್ತಾದ ಫಲಿತಾಂಶಗಳು ರದ್ದು. ಅವರೊಬ್ಬರದ್ದಲ್ಲ, ರಿಲೇಯಲ್ಲಿ ಜೊತೆಗೆ ಓಡಿದ ಮೂವರದ್ದೂ ಹೋಯಿತು. ಹಾಗೆ ಭಾರತ ಎರಡರಿಂದ ಒಂದಕ್ಕೆ ಏರಿತು. ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ನಾಲ್ಕನೆಯವರಾಗಿದ್ದ ನಮ್ಮ ಅನು ರಾಘವನ್‌ಗೂ ಕಂಚು ಬಂತು.

ಒಬ್ಬರ ತಪ್ಪಿಗೆ ನಾಲ್ವರಿಗೂ ಶಿಕ್ಷೆ. ಇದು ಮೊದಲಿನಿಂದಲೂ ಇದ್ದ ನಿಯಮ ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಇದಕ್ಕೊಂದು ಇತಿಹಾಸ ಉಂಟು.

2000ದ ಸಿಡ್ನಿ ಒಲಿಂಪಿಕ್ಸ್. ಗಂಡಸರ 4x400 ರಿಲೇ ಚಿನ್ನ ಅಮೆರಿಕಕ್ಕೆ, ಕೊನೆಯ ಸುತ್ತು ಮೈಕೆಲ್ ಜಾನ್ಸನ್ ಓಡಿದ್ದು. ಬೆಳ್ಳಿ ನೈಜೀರಿಯಾಕ್ಕೆ. ಅಮೆರಿಕದ ಪ್ರಾಥಮಿಕ ಸುತ್ತಿನಲ್ಲಿ ಓಡಿದ್ದ ಜೆರೋಮ್ ಯಂಗ್ 1999ರಲ್ಲೇ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದಿದ್ದ, ಆ ಕೂಟದಲ್ಲಿ ಓಡಲೇಬಾರದಿತ್ತು ಅನ್ನುವುದು ಮೂರು ವರ್ಷದ ನಂತರ ಹೊರಬಂತು. ಫೈನಲ್‌ನಲ್ಲಿ ಅವನು ಓಡಿರಲೇ ಇಲ್ಲ. ತಂಡದ ಚಿನ್ನ ವಾಪಸ್ ತಗೊಳ್ಳಬೇಕಾ? ವಿಷಯ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2005ರಲ್ಲಿ ಅವರು ಹೇಳಿದ್ದು: 2000ದಲ್ಲಿ ಜಾರಿಯಲ್ಲಿದ್ದ ನಿಯಮದಲ್ಲಿ ಒಬ್ಬನಿಗೋಸ್ಕರ ಇಡೀ ತಂಡವನ್ನು ಅನರ್ಹ ಮಾಡಲು ಅವಕಾಶ ಇಲ್ಲ, ಹಾಗಾಗಿ ಪದಕ ಇರಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಆ ವರ್ಷನ್‌ನಲ್ಲಿ ಆ ಫೀಚರ್ ಇರಲಿಲ್ಲ.

ಕತೆ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ಫೈನಲ್‌ನಲ್ಲೇ ಓಡಿದ್ದ ಆಂಟೋನಿಯೊ ಪೆಟಿಗ್ರೂ ತಾನೂ ಔಷಧಿ ತಗೊಂಡಿದ್ದೆ ಅಂತ ಒಪ್ಪಿಕೊಂಡ. ಜಾನ್ಸನ್ ತನ್ನ ಪದಕ ಇಟ್ಟುಕೊಳ್ಳಲಾರೆ ಅಂದರು. ಒಲಿಂಪಿಕ್ ಸಮಿತಿ ಅದೇ ವರ್ಷ ಇಡೀ ತಂಡದ ಚಿನ್ನ ಕಿತ್ತುಕೊಂಡಿತು. ನೈಜೀರಿಯಾಕ್ಕೆ ಚಿನ್ನ ಘೋಷಣೆಯಾದದ್ದು 2012ರಲ್ಲಿ, ಹನ್ನೆರಡು ವರ್ಷ ಕಳೆದ ಮೇಲೆ. ಆ ನೈಜೀರಿಯಾ ತಂಡದ ಸಂಡೇ ಬಾಡಾ 2011ರ ಡಿಸೆಂಬರ್‌ನಲ್ಲಿ ತೀರಿಹೋಗಿದ್ದರು. ಕೆಲವೇ ತಿಂಗಳ ಅಂತರ.

ಉಸೇನ್ ಬೋಲ್ಟ್ ಕತೆ ನಿಮಗೆ ಗೊತ್ತಿರಬಹುದು. ಒಂಬತ್ತು ಒಲಿಂಪಿಕ್ ಚಿನ್ನ ಎಂಟಾದದ್ದು ಅವನ ತಪ್ಪಿನಿಂದಲ್ಲ. 2008ರ ಬೀಜಿಂಗ್ ರಿಲೇಯಲ್ಲಿ ಜೊತೆಗಿದ್ದ ನೆಸ್ಟಾ ಕಾರ್ಟರ್ ಸ್ಯಾಂಪಲ್ ಅನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಮಿಥೈಲ್‌ಹೆಕ್ಸಾನಮೈನ್ ಅನ್ನುವ ಉತ್ತೇಜಕ ಸಿಕ್ಕಿತು. 2017ರಲ್ಲಿ ನಾಲ್ವರ ಪದಕವೂ ಹೋಯಿತು. ಈ ಮಿಥೈಲ್‌ಹೆಕ್ಸಾನಮೈನ್ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ನಮ್ಮ ರಿಲೇ. ಅದೂ 2000ನೇ ಇಸವಿಯೇ. ನಾವು ಹೈಸ್ಕೂಲ್ ಹುಡುಗರು. ಕಾಪು ಇನ್ನೂ ತಾಲೂಕು ಆಗಿರಲಿಲ್ಲ, ನಮ್ಮದು ಉಡುಪಿ ತಾಲೂಕು. ಮಣ್ಣಿನ ಮೈದಾನ, ಸುಣ್ಣದ ಗೆರೆ, ಬರಿಗಾಲು. ನಾನು ಎರಡನೆಯವನು, ಅವನು ಮೂರನೆಯವನು. ನಾಲ್ಕು ಇಂಟು ನೂರರಲ್ಲಿ ತಾಲೂಕಿಗೇ ಮೊದಲು ಬಂದೆವು. ನಿಜ ಹೇಳಬೇಕೆಂದರೆ ನಾನು ಬ್ಯಾಟನ್ ಕೊಡುವಾಗ ನಾವು ಮೂರನೇ ಸ್ಥಾನದಲ್ಲಿದ್ದೆವು, ಅವನು ಕೊಡುವಾಗ ಒಂದನೇ ಸ್ಥಾನದಲ್ಲಿ. ಗೆದ್ದು ಅರ್ಧ ಗಂಟೆಯೂ ಆಗಿರಲಿಲ್ಲ, ಮತ್ತೊಂದು ತಂಡದವರು ತಕರಾರು ತೆಗೆದರು. ಅವನ ವಯಸ್ಸು ಮಿತಿಗಿಂತ ನಾಲ್ಕು ತಿಂಗಳು ಹೆಚ್ಚು ಅಂತ. ದಾಖಲೆ ತರಿಸಿ ನೋಡಿದರೆ ಹೌದು. ತಂಡ ಅನರ್ಹ. ಜಿಲ್ಲಾ ಮಟ್ಟಕ್ಕೆ ಎರಡನೇ ತಂಡ ಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ಮೂವರು ಒಂದು ಸೀಟಿನಲ್ಲಿ, ಅವನು ಹಿಂದಿನ ಸೀಟಿನಲ್ಲಿ ಒಬ್ಬನೇ. ಬಂಟಕಲ್ಲು ದಾಟುವಾಗ ನಾನು ತಿರುಗಿ ಒಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವನು ಉತ್ತರ ಕೊಡಲಿಲ್ಲ. ಮಾರನೇ ವರ್ಷ ಅವನು ಶಾಲೆ ಬಿಟ್ಟು ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದ. ನಾನು ಪಿಯುಸಿ, ಬಿಇ, ಬೆಂಗಳೂರು.

2020ರ ಆ ದಿನ ವಾಟ್ಸಾಪ್‌ನಲ್ಲಿ ಅವನ ನಂಬರ್ ತೆಗೆದು ಎರಡು ಸಾಲು ಟೈಪ್ ಮಾಡಿ ಅಳಿಸಿದೆ. ನಿಯಮ ನಿಯಮವೇ ಅಲ್ಲವಾ ಅಂತ ನನಗೆ ನಾನೇ ಹೇಳಿಕೊಂಡೆ. ಬಹ್ರೇನ್‌ಗೆ ಆದದ್ದು ಸರಿಯಾದರೆ ನಮಗೆ ಆದದ್ದೂ ಸರಿ.

ಹಾಗೆ ಸುಲಭವಾಗಿ ಹೇಳಲು ಕಷ್ಟವಾಗುವ ಒಂದು ಹೆಸರು ನಮ್ಮ ಜಿಲ್ಲೆಯಲ್ಲೇ ಉಂಟು. ಅಶ್ವಿನಿ ಅಕ್ಕುಂಜಿ. ಸಿದ್ದಾಪುರ ಹತ್ತಿರದ ಕೃಷಿಕರ ಮನೆಯ ಹುಡುಗಿ. 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆ 4x400 ಚಿನ್ನ. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಆ ವರ್ಷ ಉಡುಪಿ, ಕುಂದಾಪುರದಲ್ಲಿ ಅವರ ಫೋಟೊ ಇಲ್ಲದ ಫ್ಲೆಕ್ಸ್ ಇರಲಿಲ್ಲ.

2011ರಲ್ಲಿ ಅಶ್ವಿನಿ ಸೇರಿ ಆರು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಬಂದದ್ದು, ನಮಗೆ ಗೊತ್ತಿರಲಿಲ್ಲ ಅಂದರು ಅವರು. ಕೋಚ್ ಯೂರಿ ಒಗೊರೊಡ್ನಿಕ್ ಅವರನ್ನು ತೆಗೆದುಹಾಕಿದರು. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಒಕ್ಕೂಟ ಮೇಲ್ಮನವಿ ಹೋಯಿತು, 2012ರಲ್ಲಿ ಅದು ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ತಪ್ಪಿತು. ಡೋಪಿಂಗ್ ನಿಯಮದ ಬುಡವೇ ಇದು: ನಿಮ್ಮ ದೇಹದೊಳಗೆ ಏನು ಹೋಯಿತೋ ಅದಕ್ಕೆ ನೀವೇ ಹೊಣೆ, ಯಾರು ಕೊಟ್ಟರೂ ಸರಿ. ಗೊತ್ತಿಲ್ಲದೆ ಆಯಿತು ಅಂತ ಸಾಬೀತಾದರೆ ಶಿಕ್ಷೆ ಕಡಿಮೆಯಾಗಬಹುದು, ತಪ್ಪೇ ಇಲ್ಲ ಅಂತ ಆಗುವುದಿಲ್ಲ.

ಇನ್ನು ಪೂವಮ್ಮ. 2014ರ ಇಂಚಿಯಾನ್, 2018ರ ಜಕಾರ್ತಾ, ಎರಡೂ ಕಡೆ ಮಹಿಳೆಯರ 4x400 ಚಿನ್ನದ ತಂಡದಲ್ಲಿದ್ದವರು. 2002ರಿಂದ 2018ರ ತನಕ ಸತತ ಐದು ಏಷ್ಯನ್ ಗೇಮ್ಸ್‌ಗಳಲ್ಲಿ ಭಾರತದ ಹೆಂಗಸರು ಈ ಸ್ಪರ್ಧೆ ಗೆದ್ದಿದ್ದಾರೆ. ಈ ಸಾಲಿನಲ್ಲಿ ಪೂವಮ್ಮ ಗಟ್ಟಿ ಕೊಂಡಿ. ಬೇರೆಯವರ ಡೋಪಿಂಗ್‌ನಿಂದ ಮಿಶ್ರ ರಿಲೇ ಚಿನ್ನ ಕೈಗೆ ಬಂತು. 2022ರಲ್ಲಿ ಅದೇ ನಿಯಮ ಅವರ ಕಡೆಗೇ ತಿರುಗಿತು. 2021ರಲ್ಲಿ ಕೊಟ್ಟ ಸ್ಯಾಂಪಲ್‌ನಲ್ಲಿ ಮಿಥೈಲ್‌ಹೆಕ್ಸಾನಮೈನ್. ಮೊದಲ ಸಮಿತಿ ಮೂರು ತಿಂಗಳು ಸಾಕು ಅಂದಿತ್ತು, ಮೇಲ್ಮನವಿ ಸಮಿತಿ ಎರಡು ವರ್ಷ ಮಾಡಿತು. ಜಕಾರ್ತಾದ ಚಿನ್ನಗಳಿಗೆ ಇದರಿಂದ ಏನೂ ಆಗಲಿಲ್ಲ, ಅವು ಅದಕ್ಕೆ ಮೊದಲಿನವು.

ನಾನು ಆ ಸುದ್ದಿಯನ್ನು ಬೆಂಗಳೂರಿನಲ್ಲಿ ಆಫೀಸ್ ಕ್ಯಾಬ್‌ನಲ್ಲಿ ಓದಿದೆ. ಎರಡು ವರ್ಷದ ಹಿಂದೆ ಬಹ್ರೇನ್ ಬಗ್ಗೆ ಎಷ್ಟು ಸಲೀಸಾಗಿ ‘ಮೋಸಗಾರರು’ ಅಂದಿದ್ದೆ. ಪೂವಮ್ಮ ಬಗ್ಗೆ ಆ ಶಬ್ದ ಬಾಯಿಗೆ ಬರಲಿಲ್ಲ. ಅಶ್ವಿನಿ ಬಗ್ಗೆ ಯಾವತ್ತೂ ಬಂದಿರಲಿಲ್ಲ. ನಮ್ಮವರಾದರೆ ‘ಪಾಪ, ಗೊತ್ತಿಲ್ಲದೆ ಆಗಿರಬೇಕು’, ಬೇರೆಯವರಾದರೆ ‘ನಿಯಮ ನಿಯಮವೇ’. ಹಾಗಾದರೆ ನನ್ನ ಜೊತೆ ಬ್ಯಾಟನ್ ಹಿಡಿದು ಓಡಿದ ಹುಡುಗ ನಮ್ಮವನಲ್ಲವಾ? ಅವನಿಗೆ ಯಾಕೆ ನಾನು ಒಂದು ದಿನವೂ ‘ಪಾಪ’ ಅನ್ನಲಿಲ್ಲ?

ಮಿಶ್ರ ರಿಲೇಯ ನಿಯಮವನ್ನೂ 2022ರಲ್ಲಿ ಬದಲಿಸಿದರು. ಈಗ ತಂಡಕ್ಕೆ ಸ್ವಾತಂತ್ರ್ಯ ಇಲ್ಲ, ಎಲ್ಲರೂ ಗಂಡು, ಹೆಣ್ಣು, ಗಂಡು, ಹೆಣ್ಣು ಕ್ರಮದಲ್ಲೇ ಓಡಬೇಕು. ತಂತ್ರ ಕಡಿಮೆಯಾಯಿತು, ಓಟ ಕಣ್ಣಿಗೆ ಅರ್ಥವಾಗುವ ಹಾಗಾಯಿತು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನಡೆದದ್ದು ಹೊಸ ಕ್ರಮದಲ್ಲಿ. ಬಹ್ರೇನ್ ಮೊದಲು, ಶ್ರೀಲಂಕಾ ಎರಡನೆಯದು, 3 ನಿಮಿಷ 14.34 ಸೆಕೆಂಡಿನಲ್ಲಿ ಭಾರತ ಮೂರನೆಯದು. ಆಮೇಲೆ ಲೇನ್ ತಪ್ಪಿದ್ದಕ್ಕೆ ಶ್ರೀಲಂಕಾ ಅನರ್ಹವಾಯಿತು, ಭಾರತಕ್ಕೆ ಬೆಳ್ಳಿ. ಮತ್ತೆ ಅದೇ, ಒಂದು ಹೆಜ್ಜೆ ತಪ್ಪಿದ್ದಕ್ಕೆ ನಾಲ್ವರ ಪದಕ ಹೋಯಿತು. ಅದೇ ಕೂಟದಲ್ಲಿ ಶಿಕ್ಷೆ ಮುಗಿಸಿ ಬಂದಿದ್ದ ಅಡೆಕೋಯ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. ಅವರ ಲೆಕ್ಕ ಚುಕ್ತಾ ಆಗಿತ್ತು, ನಿಯಮದ ಪ್ರಕಾರ ಎಲ್ಲರ ಹಾಗೆ ಅವರೂ ಓಡಬಹುದಿತ್ತು.

ನಾಲ್ಕು ವರ್ಷದ ಶಿಕ್ಷೆಯೂ ಒಂದು ದಿನ ಮುಗಿಯುತ್ತದೆ. ನಾನು ಕೊಟ್ಟ ಶಿಕ್ಷೆಗೆ ಇಪ್ಪತ್ಮೂರು ವರ್ಷವಾಗಿತ್ತು.

ಆ ನವರಾತ್ರಿಗೆ ಊರಿಗೆ ಹೋದಾಗ ಬೈಕ್ ತಗೊಂಡು ಬೆಳ್ಮಣ್ ಕಡೆ ಹೋದೆ. ಬೊಂಬಾಯಿ, ಗಲ್ಫ್ ಎಲ್ಲ ಮುಗಿಸಿ ಬಂದು ಅಲ್ಲೊಂದು ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಪಂಪಿನ ಕಾಯಿಲ್ ಸುತ್ತುತ್ತಾ ಕೂತಿದ್ದ. ನನ್ನನ್ನು ನೋಡಿ ಸ್ಟೂಲ್ ಮುಂದೆ ತಳ್ಳಿದ. ಸೋಡಾ ತರಿಸಿದ. ಸ್ವಲ್ಪ ಹೊತ್ತು ಮಳೆ, ಅಡಿಕೆ ರೇಟು, ಮಕ್ಕಳ ಶಾಲೆ. ಆಮೇಲೆ ನಾನೇ ಹೇಳಿದೆ, ಆ ದಿನ ಬಸ್ಸಿನಲ್ಲಿ ಹಾಗೆ ಹೇಳಬಾರದಿತ್ತು ಅಂತ.

ಅವನು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಹುಟ್ಟಿದ ತಾರೀಕು ನಾನು ಬರೆದದ್ದಾ ಮಾರಾಯಾ? ಅಪ್ಪ ಶಾಲೆಗೆ ಸೇರಿಸುವಾಗ ಯಾರೋ ಏನೋ ಬರೆದರು. ನನಗೂ ಗೊತ್ತಾದದ್ದು ಅವತ್ತು ಮೈದಾನದಲ್ಲೇ.”

ಅನರ್ಹ ಮಾಡಿದ್ದು ತಪ್ಪು ಅಂತ ಅವನೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ವಯಸ್ಸು ಮೀರಿತ್ತು, ಎರಡನೇ ಬಂದ ತಂಡದ ನಾಲ್ಕು ಹುಡುಗರಿಗೆ ಜಿಲ್ಲೆಗೆ ಹೋಗುವ ಹಕ್ಕಿತ್ತು. ನೈಜೀರಿಯಾದವರಿಗೆ, ಪೂವಮ್ಮ ತಂಡಕ್ಕೆ ಇದ್ದ ಹಕ್ಕೇ ಅದು. ಯಾರ ಮನಸ್ಸಿನಲ್ಲಿ ಏನಿತ್ತು ಅಂತ ನೋಡುತ್ತಾ ಕೂತರೆ ಯಾವ ಕೂಟವೂ ನಡೆಯುವುದಿಲ್ಲ. ಆದರೆ ನಾನು ತೀರ್ಪುಗಾರ ಆಗಿರಲಿಲ್ಲ, ಅವನ ಜೊತೆ ಓಡಿದವನಾಗಿದ್ದೆ. ಕೇಳುವುದು ನನ್ನ ಕೆಲಸವಾಗಿತ್ತು. ಕೇಳಲಿಲ್ಲ.

ಹೊರಡುವಾಗ ಅವನು ಕೇಳಿದ: “ಅವತ್ತು ನೀನು ಬ್ಯಾಟನ್ ಕೊಡುವಾಗ ನಾವು ಎಷ್ಟನೇ ಇದ್ದೆವು, ನೆನಪುಂಟಾ?”

“ಮೂರನೇ” ಅಂದೆ.

“ಹಾಂ. ಅಷ್ಟು ನೆನಪಿದ್ದರೆ ಸಾಕು” ಅಂತ ನಗಾಡಿ ಮತ್ತೆ ಕಾಯಿಲ್ ಸುತ್ತಲು ಕೂತ.