ಒಂದು ಕಹಳೆಯಿಂದ ಎರಡು ಪೆಟ್ಟಿಗೆಗಳವರೆಗೆ

ಮನೆಯಲ್ಲಿ ಸಂಗೀತ ಕೇಳಿಸುವ ಯಂತ್ರಕ್ಕೆ ನಾವು ಎಂಥ ಜಾಗ ಕೊಡುತ್ತ ಬಂದಿದ್ದೇವೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ಖಾರಘರದ ನಮ್ಮ ಫ್ಲ್ಯಾಟುಗಳಲ್ಲಿ ಸೊಂಟದೆತ್ತರದ ಎರಡು ಸ್ಟೀರಿಯೋ ಪೆಟ್ಟಿಗೆಗಳು ನೆಲದ ಮೇಲೆ ನಿಂತಿರುವುದುಂಟು, ಒಂದು ಟಿ.ವಿ.ಯ ಪಕ್ಕದಲ್ಲಿ, ಇನ್ನೊಂದು ಸೋಫಾದ ಹಿಂದಿನ ಮೂಲೆಯಲ್ಲಿ, ತಲೆಯ ಮೇಲೆ ಹೂದಾನಿ ಹೊತ್ತುಕೊಂಡು! ಇಷ್ಟು ಹಣ ಕೊಟ್ಟು ತಂದರೂ ಹಾಡು ಏಕೆ ಕಿವಿಗೆ ಹಿತವಾಗುವುದಿಲ್ಲ? ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನದ ಧ್ವನಿಮುದ್ರಣವಾಯಿತು. 1930ರ ದಶಕದ ಆರಂಭದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ಮುಂಬಯಿಗೆ ಬಂದು ಎಚ್.ಎಂ.ವಿ.ಗಾಗಿ ಹಾಡಿದರು, ಪ್ಲೇಟಿನ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಮಲ್ಲಿಕಾರ್ಜುನ ಮನಸೂರರ ಕಂಠವೂ ಅದೇ ದಶಕದಲ್ಲಿ ಪ್ಲೇಟಿಗಿಳಿಯಿತು. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ ಮಾತ್ರ. ಧ್ವನಿ ಹೊರಡುವ ಕಹಳೆ ಒಂದೇ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಮನೆಯ ರೇಡಿಯೋಗೂ ಬಾಯಿ ಒಂದೇ. ಗೋಡೆಯ ಹಲಗೆಯ ಮೇಲೆ ಅದನ್ನಿಟ್ಟು, ಕಸೂತಿ ಬಟ್ಟೆ ಹೊದಿಸಿದರಾಯಿತು. ಅಡಿಗೆಮನೆಯಲ್ಲಿದ್ದವರಿಗೂ ಹಾಡು ಕೇಳುತ್ತಿತ್ತು. ಯಂತ್ರವನ್ನು ಗೋಡೆಗೆ ಒತ್ತಿ ಇಡುವ ನಮ್ಮ ಅಭ್ಯಾಸ ಆ ಕಾಲದ್ದು.

ಎಚ್.ಎಂ.ವಿ.ಯ ಒಡೆತನ 1931ರಲ್ಲಿ ಇಂಗ್ಲೆಂಡಿನ ಇ.ಎಂ.ಐ. ಸಂಸ್ಥೆಗೆ ಸೇರಿತು. ಆ ಸಂಸ್ಥೆಯ ಇಂಜಿನಿಯರ್ ಅಲನ್ ಬ್ಲಮ್‌ಲೈನ್ ಅದೇ ವರ್ಷದ ಡಿಸೆಂಬರಿನಲ್ಲಿ ಸ್ಟೀರಿಯೋ ಪದ್ಧತಿಗೆ ಪೇಟೆಂಟ್ ಅರ್ಜಿ ಹಾಕಿದರು. ಪ್ಲೇಟಿನ ಒಂದೇ ಗೀರಿನ ಎರಡು ದಂಡೆಗಳಲ್ಲಿ ಎರಡು ಧ್ವನಿಗಳನ್ನು ಅಡಗಿಸುವ ಉಪಾಯ ಅದರಲ್ಲಿತ್ತು. ಯುದ್ಧಕಾಲದಲ್ಲಿ, 1942ರಲ್ಲಿ, ರಾಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ಅವರು 38ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸ್ಟೀರಿಯೋ ಪ್ಲೇಟುಗಳು ಪೇಟೆಗೆ ಧಾರಾಳವಾಗಿ ಬಂದದ್ದು 1958ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ನಮ್ಮ ಎರಡು ಕಿವಿಗಳಿಗೆ ಬರುವ ಧ್ವನಿಯ ಕಾಲ ಮತ್ತು ಬಲದ ಅಲ್ಪ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ. ಸ್ಟೀರಿಯೋದ ಗುಟ್ಟು ಇದೇ. ಆದ್ದರಿಂದ ಇಲ್ಲಿ ಪೆಟ್ಟಿಗೆಗಳಿಗಷ್ಟೇ ಅಲ್ಲ, ಕೇಳುವವರಿಗೂ ಒಂದು ಜಾಗ ಬೇಕು. ಎರಡು ಪೆಟ್ಟಿಗೆಗಳ ನಡುವೆ ಏಳು ಅಡಿ ಅಂತರವಿದ್ದರೆ, ಕುಳಿತವರಿಗೂ ಪ್ರತಿಯೊಂದು ಪೆಟ್ಟಿಗೆಗೂ ಸುಮಾರು ಅಷ್ಟೇ ದೂರವಿರಲಿ. ಮುಖಗಳು ತುಸು ಒಳಕ್ಕೆ ತಿರುಗಿರಲಿ.

ಗೋಡೆಯ ಮಾತು ಬೇರೆ. ವಿಜಯಪುರದ ಗೋಲಗುಂಬಜದಲ್ಲಿ ಒಂದೇ ಚಪ್ಪಾಳೆ ಹಲವು ಸಲ ಮರುಕಳಿಸುವುದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ನಮ್ಮ ಹಾಲಿನಲ್ಲಿ ಗೋಡೆಗಳು ಹತ್ತಿರವಿರುವುದರಿಂದ ಮರುದನಿ ಬೇರೆಯಾಗಿ ಕೇಳದೆ ಮೂಲದನಿಯಲ್ಲೇ ಬೆರೆತು ಅದನ್ನು ಮಸುಕುಗೊಳಿಸುತ್ತದೆ. ಮೂಲೆಗೆ ಒತ್ತಿದ ಪೆಟ್ಟಿಗೆಯಲ್ಲಿ ತಗ್ಗುದನಿ ಉಬ್ಬಿ, ತಬಲಾದ ಡಗ್ಗಾ ಗಾಯಕರನ್ನೇ ನುಂಗುತ್ತದೆ. ಎರಡು ಅಡಿಯಾದರೂ ಮುಂದಕ್ಕೆ ತಂದರೆ ವ್ಯತ್ಯಾಸ ತಿಳಿಯುತ್ತದೆ. ನುಣುಪು ಟೈಲ್ಸಿನ ನೆಲಕ್ಕೆ ನವಲಗುಂದದ ಜಮಖಾನ ಹಾಸಿದರೆ ಕೀರಲುದನಿಯ ಪ್ರತಿಫಲನ ತಗ್ಗುತ್ತದೆ. ತಗ್ಗುದನಿಗೆ ಮಾತ್ರ ಅದರಿಂದ ಉಪಯೋಗವಿಲ್ಲ.

ಪರೀಕ್ಷೆಗೆ ಮನಸೂರರ ಹಳೆಯ ಪ್ಲೇಟಿನ ಗಾಯನವೇ ಸಾಕು, ಅದೀಗ ಸಿ.ಡಿ.ಯಲ್ಲಿರಲಿ, ಮೊಬೈಲಿನಲ್ಲಿರಲಿ. ಅದು ಸ್ಟೀರಿಯೋ ಅಲ್ಲ; ಎರಡೂ ಪೆಟ್ಟಿಗೆಗಳಲ್ಲಿ ಬರುವುದು ಒಂದೇ ಧ್ವನಿ. ಪೆಟ್ಟಿಗೆಗಳು ಸರಿಯಾಗಿ ನಿಂತಿದ್ದರೆ ಆ ಕಂಠ ಎರಡರ ನಡುವಿನ ಖಾಲಿ ಜಾಗದಿಂದ ಬಂದಂತೆ ಕೇಳುತ್ತದೆ. ಎಡಕ್ಕೆ ವಾಲಿದರೆ ಆ ಪೆಟ್ಟಿಗೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದಿದ್ದರೆ ಒಂದರ ಕೆಂಪು, ಕಪ್ಪು ತಂತಿಗಳು ಅದಲುಬದಲಾಗಿರಬಹುದು.

ಸರಿಯಾದ ಆಸನ ಒಂದೇ. ಸರದಿಯಲ್ಲಿ ಕುಳಿತರಾಯಿತು, ಮೊದಲು ಮನೆಯ ಹಿರಿಯರು. ನವಿ ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಧಾರವಾಡ ರಜೆಯ ಊರು ಮಾತ್ರ. ಅಲ್ಲಿಯ ಕಂಠವೊಂದು ತಮ್ಮ ಹಾಲಿನ ನಡುವೆಯೇ ಹಾಡುವುದನ್ನು ಅವರೂ ಒಮ್ಮೆ ಕೇಳಲಿ. ಅದಕ್ಕಾಗಿ ಈ ಭಾನುವಾರ ಹೂದಾನಿಯನ್ನು ಇಳಿಸಿ, ಪೆಟ್ಟಿಗೆಗಳನ್ನು ಎರಡಡಿ ಮುಂದಕ್ಕೆ ಸರಿಸೋಣ.